ಕುಲುಮೆ ಉರಿಯುವಷ್ಟು ದಿನ

ಜನವರಿ ೧೨

ನನ್ನ ಮಾತಿನಮಲ್ಲಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ಮದುವೆಗೆ ಮೊದಲೇ ಯಾರಾದರೂ ನಿನಗೆ ಹೇಳಬೇಕಿತ್ತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಒತ್ತಕ್ಷರ ಬಂದಲ್ಲೆಲ್ಲ ಕೈ ಹಿಂಜರಿಯುತ್ತದೆ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ನಗು ಬಂದರೆ ನಕ್ಕುಬಿಡು, ಇಷ್ಟು ದೂರಕ್ಕೆ ನನಗೆ ಕೇಳಿಸುವುದಿಲ್ಲ.

ಸುಖವಾಗಿ ತಲುಪಿದೆ. ನಾವು ಗಾಜು ಊದುವವರೆಲ್ಲ ಕಾರ್ಖಾನೆಯ ಅಟ್ಟದಲ್ಲೇ ಮಲಗುತ್ತೇವೆ ಎಂದು ಹೇಳಿದ್ದೆನಲ್ಲ. ಕೆಳಗೆ ಕುಲುಮೆ ಉರಿಯುತ್ತಿರುತ್ತದೆ, ಅದರ ಕಾವಿಗೆ ಅಟ್ಟದ ಹಲಗೆ ಯಾವಾಗಲೂ ಬೆಚ್ಚಗೆ. ಸಂಜೆಯಿಂದ ಬೆಳಗಿನವರೆಗೆ ಕೆಲಸ, ಬೆಳಿಗ್ಗೆಯಿಂದ ನಿದ್ದೆ. ಛಾವಣಿಯಲ್ಲಿ ಒಡೆದ ಹೆಂಚುಗಳ ಜಾಗದಲ್ಲಿ ನಾವೇ ಮಾಡಿದ ಗಾಜಿನ ತುಂಡುಗಳನ್ನು ಕೂರಿಸಿದ್ದಾರೆ. ಒಂದು ಹಸಿರು, ಒಂದು ಜೇನಿನ ಬಣ್ಣ. ಬಿಸಿಲು ಅದರೊಳಗಿಂದ ಇಳಿದು ಹಾಸಿಗೆಗಳ ಮೇಲೆ ಮೆಲ್ಲಗೆ ನಡೆಯುತ್ತದೆ. ಬೆಳಕಿನಲ್ಲಿ ಮಲಗುವವನ ಕನಸುಗಳೂ ಬೆಳ್ಳಗಿರುತ್ತವೆ.

ಈ ಸಲ ದೊಡ್ಡ ಕೆಲಸ ಬಂದಿದೆ. ಒಂದು ರೈಲು ನಿಲ್ದಾಣದ ಛಾವಣಿಗೆ ತೂಗುಹಾಕುವ ದೀಪದ ಗೋಲಗಳು. ಒಂದೊಂದೂ ತುಂಬು ಬಸುರಿಯ ಹೊಟ್ಟೆಗಿಂತ ದೊಡ್ಡದು. ಒಂದೇ ಉಸಿರಿನಲ್ಲಿ ಊದಬೇಕು, ನಡುವೆ ಎಳೆದುಕೊಳ್ಳುವ ಹಾಗಿಲ್ಲ. ಯಾರು ಊದಬೇಕೆಂದು ಮೇಸ್ತ್ರಿ ಇನ್ನೂ ಹೇಳಿಲ್ಲ. ನನ್ನ ಕಡೆ ನೋಡಿದ ಹಾಗಿತ್ತು. ಸದ್ಯಕ್ಕೆ, ಮನೆಯಿಂದ ಬಂದ ಎಲ್ಲರ ಹಾಗೆ, ಮರಳು ಜರಡಿ ಹಿಡಿಯುವ ಕೆಲಸದಲ್ಲಿದ್ದೇನೆ.

ಫೆಬ್ರವರಿಯಲ್ಲಿ ರಜೆ ಸಿಗುತ್ತದೆ, ಇಲ್ಲಿಗೆ ಬರುತ್ತೇನೆ ಎಂದು ನೀನು ಹೇಳಿದ್ದೆ. ಈಗ ಬೇಡ. ಕೆಲಸ ಬಹಳ.

ನಿನ್ನವನು


ಜನವರಿ ೨೩

ಮೂಗಬಸವನಿಗೆ ನಮಸ್ಕಾರಗಳು,

ನಿಮ್ಮ ಅಕ್ಷರ ಕಾಗೆ ಕಾಲೇ, ಒಪ್ಪಿದೆ. ಆದರೆ ಬಾಯಲ್ಲಿ ಒಂದು ವಾರದಲ್ಲಿ ಆಡದಷ್ಟು ಮಾತು ಒಂದು ಹಾಳೆಯಲ್ಲಿ ಆಡಿದ್ದೀರಿ. ಇನ್ನು ಮುಂದೆ ಎದುರಿಗೆ ಕೂತಾಗಲೂ ಪೆನ್ನು ಕೊಟ್ಟುಬಿಡುತ್ತೇನೆ.

ಇಲ್ಲಿ ಆಸ್ಪತ್ರೆಯ ಲಾಂಡ್ರಿ ಹಾಗೆಯೇ ಇದೆ. ಬೆಳಿಗ್ಗೆ ಆವಿ ಏಳುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಬರೀ ದನಿಗಳು ಓಡಾಡುತ್ತವೆ. ಬಿಳಿ ಹೊದಿಕೆಗಳ ನಡುವೆ ನಾನು ಡಾಕ್ಟರುಗಳ ಕೋಟು ಇಸ್ತ್ರಿ ಮಾಡುತ್ತೇನೆ. ನಮ್ಮ ಮೇಲ್ವಿಚಾರಕಿ ಅಜ್ಜಿಯನ್ನು ನೀವು ಮದುವೆಯಲ್ಲಿ ನೋಡಿದ್ದೀರಿ. ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೂ ಬಿಡುವುದಿಲ್ಲವೆಂದು ಎಲ್ಲರೂ ಸುಕ್ಕಜ್ಜಿ ಎನ್ನುತ್ತಾರೆ. ಆಕೆ ನಿನ್ನೆ, "ಏನೇ ಹುಡುಗಿ, ಹೊಸದಾಗಿ ಮದುವೆ ಆದವಳು, ಮುಖ ಯಾಕೆ ಒಗೆದು ಹಿಂಡಿ ಹಾಕಿದ ಹಾಗಿದೆ? ಗಂಡ ಕಾಗದ ಬರೀಲಿಲ್ವಾ?" ಎಂದಳು.

"ಬರೆದಿದ್ದಾರೆ ಅಜ್ಜಿ, ಬರಬೇಡ ಅಂತ ಬರೆದಿದ್ದಾರೆ."

"ಅಯ್ಯೋ, ಗಂಡಸರು ಬೇಡ ಅಂದ್ರೆ ಅದರಲ್ಲಿ ಹತ್ತು ಅರ್ಥ ಇರುತ್ತೆ, ಒಂದೂ ಅವರಿಗೇ ಗೊತ್ತಿರಲ್ಲ."

ನಾನು ನಕ್ಕೆ. ಆಮೇಲೆ ಕೋಟುಗಳ ಮುಂದೆ ನಿಂತಾಗ ನಗು ಬರಲಿಲ್ಲ. ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಹೊರಡುವ ಮುಂಚಿನ ಕೊನೆಯ ದಿನಗಳಲ್ಲಿ ನೀವು ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿದಿರಿ. ಸೆಕೆ ಎಂದಿರಿ. ನಾನು ಎರಡು ಕಂಬಳಿ ಹೊದ್ದು ಮಲಗಿದ್ದೆ. ಅದೆಂಥ ಸೆಕೆ?

ಮಾರ್ಚಿಗೆ ರಜೆ ಬದಲಿಸಿಕೊಳ್ಳುತ್ತೇನೆ. ಬರಲೇ?

ಇಂತಿ, ನಿಮ್ಮ
ಮಾತಿನಮಲ್ಲಿ


ಫೆಬ್ರವರಿ ೪

ಮಾತಿನಮಲ್ಲಿಗೆ,

ನಿನ್ನ ಕಾಗದ ಬಂತು. ಆವಿಯ ವಿಷಯ ಬರೆದದ್ದು ಬಹಳ ಚೆನ್ನಾಗಿತ್ತು.

ಒಂದು ಕನಸು ಹೇಳುತ್ತೇನೆ. ನಾನು ಕೊಳವೆ ಹಿಡಿದು ಊದುತ್ತಿದ್ದೆ. ತುದಿಯಲ್ಲಿ ಗಾಜು ಉಬ್ಬಿತು, ಅದರೊಳಗೆ ಒಂದು ಕೋಣೆ ಕಂಡಿತು. ಕೋಣೆಯೊಳಗೆ ನೀನು ಇಸ್ತ್ರಿ ಮಾಡುತ್ತಿದ್ದೆ. ನಾನು ಊದಿದಷ್ಟೂ ಕೋಣೆ ದೊಡ್ಡದಾಯಿತು. ಮೊದಲು ಕಿಟಕಿ ಬಂತು, ಆಮೇಲೆ ಬಾಗಿಲು, ಆಮೇಲೆ ಹೊರಗೆ ಒಂದು ಬೀದಿ. ನೀನು ತಲೆಯೆತ್ತಿ, "ಸಾಕು, ಇನ್ನು ಒಳಗೆ ಬನ್ನಿ" ಎಂದೆ. ಬರಬೇಕೆಂದರೆ ಊದುವುದನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಕೋಣೆ ಕುಸಿಯುತ್ತದೆ. ಏನು ಮಾಡುವುದೆಂದು ತಿಳಿಯದೆ ಊದುತ್ತಲೇ ಇದ್ದೆ. ಎದ್ದಾಗ ಜೇನಿನ ಬಣ್ಣದ ಬಿಸಿಲು ನನ್ನ ಎದೆಯ ಮೇಲಿತ್ತು.

ಮಾರ್ಚಿನಲ್ಲೂ ಬೇಡ. ಗೋಲದ ಕೆಲಸ ಶುರುವಾಗುವುದು ಆಗಲೇ. ಮೈ ಕಡೆ ಗಮನವಿರಲಿ.

ನಿನ್ನವನು


ಫೆಬ್ರವರಿ ೧೫

ರೀ,

ಕನಸು ಓದಿದೆ. ನಾನು ಕೇಳಿದ್ದಕ್ಕೆ ಉತ್ತರ ಓದಲಿಲ್ಲ, ಅದು ಕಾಗದದಲ್ಲಿ ಇರಲಿಲ್ಲ.

ನನ್ನ ಎಡತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ ಇದೆ. ನೋಡಲು ಬರುವವರ ಮುಂದೆ ಉದ್ದ ತೋಳಿನ ರವಿಕೆ ಹಾಕಿಸಿ ಕೂರಿಸುತ್ತಿದ್ದರು. ನಿಮ್ಮ ಮುಂದೆಯೂ ಹಾಗೆಯೇ ಕೂತಿದ್ದೆ. ಮದುವೆಯಾದ ಮೇಲೆ ನೀವು ಅದನ್ನು ನೋಡಿದಿರಿ, ಏನೂ ಅನ್ನಲಿಲ್ಲ. ಅದಾದ ಕೆಲವೇ ದಿನಕ್ಕೆ ನೆಲಕ್ಕಿಳಿದಿರಿ. ಕೂಡಿ ಕಳೆದು ನೋಡುವಷ್ಟು ಲೆಕ್ಕ ನನಗೂ ಬರುತ್ತದೆ.

ಬರುವುದಿಲ್ಲ. ಇನ್ನು ಕೇಳುವುದೂ ಇಲ್ಲ.


ಮಾರ್ಚ್ ೨೦

ಮಾತಿನಮಲ್ಲಿಗೆ,

ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲಿ ಇಷ್ಟು ದಿನ ಇತ್ತು. ಬೆವರಿಗೆ ಅಕ್ಷರವೆಲ್ಲ ಕದಡಿದೆ. ಆದರೂ ನನಗೆ ಬಾಯಿಗೆ ಬರುತ್ತದೆ.

ನಿನ್ನ ತೋಳಿನ ಕಲೆಯ ಬಗ್ಗೆ ಮೊದಲು ಹೇಳುತ್ತೇನೆ. ನಮ್ಮ ಅಟ್ಟದಲ್ಲಿ ಮೈಮೇಲೆ ಸುಟ್ಟ ಕಲೆ ಇಲ್ಲದವನು ಒಬ್ಬನೂ ಇಲ್ಲ. ನಿನ್ನ ತೋಳನ್ನು ನೋಡಿದ ದಿನ ನನಗೆ, ಓ, ಇವಳೂ ಬೆಂಕಿಯ ಹತ್ತಿರ ಬದುಕಿದವಳು, ನಮ್ಮವಳೇ, ಅನ್ನಿಸಿತು. ಹೇಳಬೇಕಿತ್ತು. ನನಗೆ ಮಾತು ಸಮಯಕ್ಕೆ ಬರುವುದಿಲ್ಲ.

ಈಗ ನಿಜ ಬರೆಯುತ್ತೇನೆ. ಇದನ್ನು ಯಾರಿಗೂ ತೋರಿಸಬೇಡ.

ಕುಲುಮೆ ಉರಿಯುವಷ್ಟು ದಿನ ಊದುವವನು ಒಬ್ಬನೇ ಮಲಗಬೇಕು. ಇದು ಇಲ್ಲಿಯ ಹಳೆಯ ಮಾತು. ನಮ್ಮ ಕುಲುಮೆ ಆರುವುದು ವರ್ಷಕ್ಕೊಂದು ಸಲ, ಒಳಗಿನ ಇಟ್ಟಿಗೆ ಬದಲಿಸುವಾಗ. ಆಗ ಮೇಸ್ತ್ರಿಯೊಬ್ಬರನ್ನು ಬಿಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ನಮ್ಮ ಮದುವೆಯೂ ಆಗಲೇ ಆಯಿತು. ಮೇಸ್ತ್ರಿ ಹೇಳುತ್ತಾರೆ: "ಗಂಡಸಿನ ಮೈಯಲ್ಲಿ ಇರೋದು ಒಂದೇ ಕೊಡ ಕಣಯ್ಯ. ಅತ್ತ ಚೆಲ್ಲಿದರೆ ಇತ್ತ ಉಸಿರಿಗೆ ಉಳಿಯಲ್ಲ." ಅವರ ಮನೆ ಇದೇ ಬೀದಿಯ ತುದಿಯಲ್ಲಿದೆ. ಆದರೂ ಅಟ್ಟದಲ್ಲೇ ಮಲಗುತ್ತಾರೆ. ಅವರ ಹೆಂಡತಿ ಊಟದ ಡಬ್ಬಿ ತಂದು ಗೇಟಿನ ಹೊರಗಿನಿಂದ ಕೊಡುತ್ತಾರೆ, ಇವರು ಒಳಗಿನಿಂದ ತೆಗೆದುಕೊಳ್ಳುತ್ತಾರೆ. ಅವರಷ್ಟು ದೊಡ್ಡ ಗೋಲ ಊದಿದವರು ಇನ್ನೊಬ್ಬರಿಲ್ಲ.

ನಾನು ಇದನ್ನು ಅರ್ಧ ನಂಬಿದ್ದೆ. ನಿನ್ನ ಜೊತೆ ಇದ್ದಾಗ ಮರೆತೇಹೋಗಿತ್ತು. ವಾಪಸ್ಸಾಗುವ ದಿನ ಹತ್ತಿರವಾದಂತೆ ನೆನಪಾಗಿ ಹೆದರಿಕೆ ಹಿಡಿಯಿತು. ಅದಕ್ಕೇ ನೆಲ.

ಇಲ್ಲಿಗೆ ಬಂದ ಮೇಲೆ ನನ್ನ ಉಸಿರು ನಿಜವಾಗಿಯೂ ಇಳಿದಿದೆ. ಇದು ಬರೀ ಭಯವಲ್ಲ. ಮೊನ್ನೆ ಪರೀಕ್ಷೆಗೆಂದು ಒಂದು ಗೋಲ ಊದಿಸಿದರು. ಅರ್ಧಕ್ಕೆ ಎದೆ ಬಿಗಿಯಿತು, ಕೆಮ್ಮು ಬಂತು, ಗಾಜು ಮುದುಕನ ಕೆನ್ನೆಯ ಹಾಗೆ ಒಳಗೆ ಹೋಯಿತು. ಯಾರೂ ನಗಲಿಲ್ಲ. ಮೇಸ್ತ್ರಿ ಹೆಗಲ ಮೇಲೆ ಕೈಯಿಟ್ಟು, "ಮನೆ ಇನ್ನೂ ನಿನ್ನ ಮೈಯಿಂದ ಇಳಿದಿಲ್ಲ. ಇನ್ನಷ್ಟು ದಿನ ಜರಡಿ ಹಿಡಿ, ಸರಿಹೋಗುತ್ತೆ" ಎಂದರು.

ಇನ್ನೊಂದು ವಿಷಯ. ಈ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಕನಸಿನಲ್ಲಿ ನೀನು ಬಂದ ದಿನ ಎದ್ದರೆ ಬಟ್ಟೆ ಒದ್ದೆಯಾಗಿರುತ್ತದೆ. ಹೀಗೆ ನನಗೇ ತಿಳಿಯದೆ ಮೈ ಸೋರಿಹೋಗುತ್ತಿದೆ. ಅದಕ್ಕೆ ಮೊಟ್ಟೆ, ಹಾಲು ಬಿಟ್ಟಿದ್ದೇನೆ. ತಣ್ಣೀರು ಹಾಕಿಕೊಳ್ಳುತ್ತೇನೆ. ಕನಸು ಬೀಳಬಾರದೆಂದು ಗೋಡೆಗೆ ಒರಗಿ ಕೂತೇ ಇರುತ್ತೇನೆ. ನಿನ್ನನ್ನು ಬರಬೇಡ ಎಂದದ್ದು ಬೇಡವಾಗಿ ಅಲ್ಲ. ಕನಸಿನಲ್ಲಿ ಬಂದರೇ ಹೀಗೆ, ಎದುರಿಗೇ ಬಂದರೆ ನನ್ನ ಕೈಯಲ್ಲಿ ಈ ಕೆಲಸ ಉಳಿಯುತ್ತದೆಯೇ? ನನಗೆ ಬೇರೆ ಕೆಲಸ ಬರುವುದಿಲ್ಲ.

ನಿನ್ನವನು


ಮಾರ್ಚ್ ೨೯

ನನ್ನ ಮೂಗಬಸವ,

ಓದಿ ಅತ್ತುಬಿಟ್ಟೆ. ಆಮೇಲೆ ನಕ್ಕೆ. ಆಮೇಲೆ ಸಿಟ್ಟು ಬಂತು, ಅದು ಇನ್ನೂ ಇದೆ. ನನ್ನನ್ನು ಏನೆಂದುಕೊಂಡಿರಿ, ಸೊಳ್ಳೆಯೇ, ಹತ್ತಿರ ಬಂದರೆ ಹೀರಿಕೊಂಡು ಹೋಗುವುದಕ್ಕೆ?

ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಆದರೆ ಒಂದು ಕೆಲಸ ಮಾಡಿದೆ. ನಮ್ಮ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ತಮ್ಮ ಕೋಟನ್ನು ತಾವೇ ತೆಗೆದುಕೊಂಡು ಹೋಗಲು ಬರುತ್ತಾರೆ. ಅವರು ಬಂದಾಗ ಆವಿ ದಟ್ಟವಾಗಿತ್ತು, ಮುಖ ಕಾಣುವುದಿಲ್ಲವೆಂದು ಧೈರ್ಯ ಮಾಡಿ ಕೇಳಿದೆ. ನಮ್ಮ ಚಿಕ್ಕಮ್ಮನ ಅಳಿಯನಿಗೆ ಹೀಗಂತೆ, ಎಂದೆ.

"ಚಿಕ್ಕಮ್ಮನ ಅಳಿಯನಿಗಾ?"

"ಹೌದು ಡಾಕ್ಟರೇ. ನಮ್ಮೆಜಮಾನ್ರಿಗಲ್ಲ."

"ನಿಮ್ಮ ಯಜಮಾನರ ಸುದ್ದಿ ನಾನು ಎತ್ತಲೇ ಇಲ್ವಲ್ಲಮ್ಮ!" ಎಂದು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ನಾನೇ ಹೆಗಲು ಮುಟ್ಟಿಕೊಂಡಿದ್ದೆ. ಆಮೇಲೆ ಅಲ್ಲೇ ಹೊದಿಕೆಗಳ ಮೂಟೆಯ ಮೇಲೆ ಕೂತು ಹೇಳಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅದು ಒಂದು ಸಲ ತುಂಬಿಟ್ಟ ಕೊಡ ಅಲ್ಲಮ್ಮ. ಬಾಯಲ್ಲಿ ಜೊಲ್ಲು ಊರೋ ಹಾಗೆ ಮೈ ದಿನಾ ಮಾಡ್ಕೊಳ್ತಾನೇ ಇರುತ್ತೆ. ಹೋದರೆ ರಕ್ತ ಕಮ್ಮಿ ಆಗಲ್ಲ, ಮೂಳೆ ಸವೆಯಲ್ಲ, ಉಸಿರೂ ಹೋಗಲ್ಲ. ಕನಸಲ್ಲಿ ಆಗೋದೂ ಸಹಜ. ಗಂಡ ಹೆಂಡತಿ ಸೇರಿದಾಗ ಎದೆ ಜೋರಾಗಿ ಬಡ್ಕೊಳ್ಳುತ್ತೆ, ಏದುಸಿರು ಬರುತ್ತೆ, ನಿಜ. ಸರಸರ ಮಹಡಿ ಹತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಆಮೇಲೆ ಒಳ್ಳೇ ನಿದ್ದೆ. ಹೃದಯದ ಕಾಯಿಲೆ ಇರೋರು ಮಾತ್ರ ಒಮ್ಮೆ ಡಾಕ್ಟರನ್ನ ಕೇಳ್ಬೇಕು. ಇದೇ ಔಷಧಿ ಅಂತ ನಾನು ಹೇಳಲ್ಲ. ವಿಷವಂತೂ ಅಲ್ಲ. ಇಷ್ಟವಿಲ್ಲದೆ ಬಿಟ್ಟರೂ ಮೈ ಕೆಡಲ್ಲ. ಹೆದರಿ, ಊಟ ನಿದ್ದೆ ಬಿಟ್ಟು ಕೂತರೆ ಕೆಡುತ್ತೆ."

ನಾನು, "ಆದ್ರೆ ಅವ್ರ ಉಸಿರು ನಿಜವಾಗ್ಲೂ ಇಳಿದಿದೆ ಡಾಕ್ಟರೇ, ಸುಳ್ಳು ಹೇಳೋರಲ್ಲ" ಎಂದೆ. ಅವರು ನಗುವುದನ್ನು ನಿಲ್ಲಿಸಿದರು. "ಹಾಗಾದ್ರೆ ಎದೆ ನೋಡ್ಬೇಕು. ಮನೆಯಿಂದ ವಾಪಸ್ಸು ಹೋದ ಮೇಲೆ ಅಲ್ಲಿ ಏನು ಕೆಲಸ ಮಾಡ್ತಾರೆ, ಎಲ್ಲಿ ನಿಂತು ಮಾಡ್ತಾರೆ, ಕೇಳಿ ನೋಡು" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಜರಡಿ ಹಿಡಿಯುವುದು ಎಂದರೆ ಏನು? ಎಲ್ಲಿ?

ಮೊಟ್ಟೆ ತಿನ್ನಿ. ಮಲಗಿ. ಕನಸಿಗೆ ನಾನು ಬಂದರೆ ಬಾಗಿಲು ಹಾಕಬೇಡಿ.

ನಿಮ್ಮ
ಮಾತಿನಮಲ್ಲಿ


ಏಪ್ರಿಲ್ ೬

ಯಾರಿಗೂ ತೋರಿಸಬೇಡ ಎಂದಿದ್ದೆ. ಕಾಗದ ತೋರಿಸದೆ ಕಾಗದದಲ್ಲಿದ್ದುದನ್ನೆಲ್ಲ ಹೇಳಿದರೆ ವ್ಯತ್ಯಾಸವೇನು? ಮೂಟೆಯ ಮೇಲೆ ಕೂತು, ನಗಾಡಿಕೊಂಡು! ನನ್ನ ಬಟ್ಟೆಯನ್ನು ಲಾಂಡ್ರಿಯ ತಂತಿಯ ಮೇಲೆ ಒಣಗಹಾಕಿದ ಹಾಗಾಯಿತು.

ಡಾಕ್ಟರಮ್ಮ ಗಾಜು ಊದಿದವರಲ್ಲ. ಮೇಸ್ತ್ರಿ ಊದಿದವರು.

ಕೇಳಿದ್ದಕ್ಕೆ ಉತ್ತರ: ಅಂಗಳದ ಹಿಂದೆ ಮರಳಿನ ಶೆಡ್ಡು ಇದೆ. ಕಿಟಕಿಯಿಲ್ಲ, ಗಾಳಿಗೆ ಮರಳು ಹಾರಬಾರದೆಂದು. ಬಿಳಿ ಮರಳನ್ನು ಹಿಟ್ಟಿನ ಹಾಗೆ ಆಗುವವರೆಗೆ ಜರಡಿ ಹಿಡಿಯುತ್ತೇವೆ. ಮನೆಗೆ ಹೋಗಿ ಬಂದವರನ್ನೆಲ್ಲ ಮೊದಲು ಅಲ್ಲಿಗೇ ಕಳಿಸುವುದು. ತೋಳಿಗೂ ಎದೆಗೂ ಬಲ ಬಂದು, ಮನೆ ಮೈಯಿಂದ ಇಳಿಯಲಿ ಎಂದು. ಬೆಳಗಾಗುವ ಹೊತ್ತಿಗೆ ಬಾಗಿಲಿನಿಂದ ಬೆಳಕು ಬಂದಾಗ ಒಳಗೆಲ್ಲ ಮಂಜು ಕವಿದ ಹಾಗೆ ಕಾಣುತ್ತದೆ, ನೋಡಲು ಚಂದ. ಉಸಿರು ಸರಿಹೋಗದಿದ್ದವರು ಇನ್ನೂ ಕೆಲವು ದಿನ ಹೆಚ್ಚು ಮಾಡುತ್ತಾರೆ.

ಇನ್ನು ಈ ವಿಷಯ ಬರೆಯಬೇಡ.


ಏಪ್ರಿಲ್ ೧೪

ರೀ,

ತಪ್ಪಾಯಿತು. ನಿಮ್ಮ ಗುಟ್ಟನ್ನು ನಿಮ್ಮನ್ನು ಕೇಳದೆ ಹೊರಗೆ ತೆಗೆದೆ. ಅದಕ್ಕೆ ಬಯ್ಯಿರಿ, ಬಯ್ಯಿಸಿಕೊಳ್ಳುತ್ತೇನೆ.

ಆದರೆ ಬರೆಯಬೇಡ ಎಂದದ್ದನ್ನು ಮಾತ್ರ ಕೇಳುವುದಿಲ್ಲ. ನೀವೇ ಬರೆದ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ. ಮನೆಗೆ ಹೋಗಿ ಬಂದವರನ್ನು ಕಿಟಕಿಯಿಲ್ಲದ ಶೆಡ್ಡಿನಲ್ಲಿ ಮರಳಿನ ಹುಡಿಯೊಳಗೆ ನಿಲ್ಲಿಸುತ್ತಾರೆ. ಅವರ ಉಸಿರು ಇಳಿಯುತ್ತದೆ. ನೋಡಿದಿರಾ, ಹೆಂಡತಿ ಎಳೆದುಕೊಂಡಳು, ಎನ್ನುತ್ತಾರೆ. ಮತ್ತೆ ಅದೇ ಶೆಡ್ಡಿಗೆ ಕಳಿಸುತ್ತಾರೆ. ಮತ್ತೆ ಇಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ನಾನು. ನನ್ನ ಮೈಮೇಲೆ ಆಗಲೇ ಒಂದು ಬರೆ ಇದೆ, ಇನ್ನೊಂದು ಬೇಡ.

ಶೆಡ್ಡಿನ ವಿಷಯ ಒಂದನ್ನು ಮಾತ್ರ ಡಾಕ್ಟರಮ್ಮನಿಗೆ ಹೇಳಿದೆ. ಮರಳಿನ ಹುಡಿ ಎಂದ ಕೂಡಲೇ ಅವರು ಎದ್ದು ನಿಂತರು. ಅದು ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲವಂತೆ. ಮಂಜಿನಂತೆ ಚಂದ ಎಂದಿರಲ್ಲ, ಅದೇ.

ನಾನು ಬರುವುದು ಬೇಡವೆಂದರೆ ಬೇಡ. ವರ್ಷಕ್ಕೊಮ್ಮೆ ಕುಲುಮೆ ಆರಿದಾಗಲೇ ಬನ್ನಿ, ನೆಲದ ಮೇಲೆಯೇ ಮಲಗಿ, ನನ್ನ ಹಣೆಬರಹ ಎಂದುಕೊಳ್ಳುತ್ತೇನೆ. ಆದರೆ ಆ ಶೆಡ್ಡಿಗೆ ಹೋಗಬೇಡಿ. ಎದೆಯನ್ನು ಯಾರಿಗಾದರೂ ತೋರಿಸಿ. ನನ್ನನ್ನು ನಂಬದಿದ್ದರೂ ಇದೊಂದು ಮಾಡಿ.

ನಿಮ್ಮವಳು


ಮೇ ೧೮

ಮಾತಿನಮಲ್ಲಿಗೆ,

ನಿನ್ನ ಕೊನೆಯ ಕಾಗದಕ್ಕೆ ಉತ್ತರ ಬರೆಯದೆ ಕೂತಿದ್ದೆ. ಸಿಟ್ಟಿನಿಂದ ಎಂದು ನೀನು ತಿಳಿದಿರಬಹುದು. ಮೊದಲು ಸಿಟ್ಟೇ. ಆಮೇಲೆ ನಾನು ಶೆಡ್ಡಿನಲ್ಲಿ ನಿಂತಾಗ ಬೆಳಕಿನ ಕೋಲಿನಲ್ಲಿ ಹಾರುವ ಹುಡಿ ನೋಡಿದರೆ ನಿನ್ನ ಸಾಲು ನೆನಪಾಗತೊಡಗಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡೆ. "ಏನಯ್ಯ ಮದುಮಗಳೇ, ಮುಸುಕು ಯಾರಿಗೆ?" ಎಂದು ಎಲ್ಲರೂ ನಕ್ಕರು. ಬಿಚ್ಚಿಬಿಟ್ಟೆ. ನಾನು ಅಂಥವನು.

ಮುಂದಕ್ಕೆ ಹೋಗುತ್ತಲೇ ಇದ್ದ ಗೋಲದ ಕೆಲಸ ಮೊನ್ನೆ ಕೊನೆಗೂ ಶುರುವಾಯಿತು. ಮೊದಲನೆಯದನ್ನು ಮೇಸ್ತ್ರಿಯೇ ಊದಲು ನಿಂತರು. ಎಲ್ಲರೂ ಸುತ್ತ ನಿಂತಿದ್ದೆವು. ಗಾಜು ಕೆಂಪಗೆ ಉಬ್ಬುತ್ತ ಬಂತು, ಸೂರ್ಯನನ್ನು ಯಾರೋ ನಿಧಾನಕ್ಕೆ ಬಿಡಿಸುತ್ತಿರುವ ಹಾಗೆ. ಅರ್ಧ ದಾಟಿತು. ಇದ್ದಕ್ಕಿದ್ದ ಹಾಗೆ ಅವರ ಕಣ್ಣುಗಳು ಅಗಲವಾದವು. ಕೊಳವೆ ಕೈಯಿಂದ ಬಿಡಲಿಲ್ಲ, ಹಾಗೆಯೇ ಮೊಣಕಾಲೂರಿ ಕೂತರು. ಗೋಲ ನೆಲಕ್ಕೆ ತಾಗಿ ಮಡಿಸಿದ ಬಟ್ಟೆಯ ಹಾಗೆ ಮಲಗಿತು. ಕೆಮ್ಮು ನಿಲ್ಲಲಿಲ್ಲ.

ಆಸ್ಪತ್ರೆಗೆ ಕರೆದೊಯ್ದೆವು. ಎದೆಯ ಫೋಟೋ ತೆಗೆದು, ಒಳಗೆಲ್ಲ ಮರಳಿನ ಹುಡಿ ಕೂತು ಗಟ್ಟಿಯಾಗಿದೆ ಎಂದರು. ಪೂರ್ತಿ ವಾಸಿಯಾಗುವಂಥದಲ್ಲ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬೇಕಂತೆ. ನನಗೆ ಅರ್ಥವಾಗಲಿಲ್ಲ. ಮೇಸ್ತ್ರಿಗೆ ಮರಳಿನ ಕೆಲಸವೇ ಇಲ್ಲ, ಅವರು ಮನೆಗೂ ಹೋಗುವವರಲ್ಲ.

ಹೊರಗಿನ ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದರು. ನಾನು ಪಕ್ಕ ಕೂತೆ. ಕೇಳದೆಯೇ ಅವರು ಹೇಳಿದರು:

"ಕೆಟ್ಟ ಕನಸು ಬಿತ್ತು ಅಂದ್ರೆ ಇವ್ರು ತಾವೇ ಹೋಗಿ ಒಬ್ರೇ ಜರಡಿ ಹಿಡೀತಿದ್ರಪ್ಪ, ಪ್ರಾಯಶ್ಚಿತ್ತ ಅಂತ. ಯಾರಿಗೂ ಹೇಳ್ತಿರ್ಲಿಲ್ಲ. ಬಟ್ಟೆ ಒಗೆಯೋಳು ನಾನು, ಜೇಬಲ್ಲಿ ಮರಳು ಸಿಕ್ಕಿದ್ರೆ ಗೊತ್ತಾಗ್ತಿತ್ತು. ಓ, ಇವ್ರ ಕನಸಲ್ಲಿ ನಾನು ಬಂದಿದ್ದೆ ಅಂತ. ಆ ದಿನ ಒಳಗೊಳಗೇ ಖುಷಿ ನನಗೆ. ಇನ್ನೂ ಮರೆತಿಲ್ವಲ್ಲ ಅಂತ. ಅದೇ ಮರಳು ಎದೇಲಿ ಕೂತ್ಕೊಳ್ತಿದೆ ಅಂತ ನನಗೇನು ಗೊತ್ತು?"

ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದರು.

ಮರುದಿನ ಮೇಸ್ತ್ರಿಯನ್ನು ನೋಡಲು ಒಳಗೆ ಬಿಟ್ಟರು. ಹತ್ತಿರ ಕರೆದು ಮೆಲ್ಲಗೆ, "ಲೋ, ನನ್ನ ಹೆಂಡ್ತಿ ವಿಷ್ಯ ಒಂದು ಮಾತೂ ಕೇಳಲಿಲ್ಲ ಕಣೋ ಈ ಡಾಕ್ಟ್ರು. ಬರೀ ಮರಳು ಮರಳು ಅಂತ ಮರಳಿನದ್ದೇ ಕೇಳಿದ್ರು" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ಮಲಗಿದರು. ಬಾಗಿಲ ಆಚೆ ಅವರ ಹೆಂಡತಿ ಇದ್ದರು. "ಒಳಗೆ ಕರಿ ಅವಳನ್ನ" ಎಂದರು.

ಅದನ್ನು ನೋಡಿದ ಮೇಲೆ ನಾನೇ ಹೋಗಿ ಡಾಕ್ಟರ ಮುಂದೆ ಅಂಗಿ ಬಿಚ್ಚಿದೆ. ಫೋಟೋ ತೆಗೆದರು. ಆಮೇಲೆ ಒಂದು ಕೊಳವೆ ಕೈಗೆ ಕೊಟ್ಟು, ಇದಕ್ಕೆ ಒಂದೇ ಉಸಿರಿಗೆ ಊದು, ಎಂದರು. ಕೊಳವೆಯ ತುದಿಯಲ್ಲಿ ಏನೂ ಉಬ್ಬಲಿಲ್ಲ. ಏನೂ ಆಗದ ಕೊಳವೆಗೆ ನಾನು ಊದಿದ್ದು ಅದೇ ಮೊದಲು. ಯಂತ್ರ ಒಂದು ಗೆರೆ ಬರೆಯಿತು, ಅಷ್ಟೇ. ಗೆರೆ ಇರಬೇಕಾದ್ದಕ್ಕಿಂತ ಗಿಡ್ಡವಂತೆ. ಫೋಟೋದಲ್ಲಿ ಸದ್ಯಕ್ಕೆ ಕಲೆಯೇನೂ ಇಲ್ಲ. ಹುಡಿಯಿಂದ ದೂರವಿದ್ದು, ಹೊಟ್ಟೆತುಂಬ ತಿಂದು, ನಿದ್ದೆ ಮಾಡಿದರೆ ಗೆರೆ ಉದ್ದವಾದೀತು, ಆರು ತಿಂಗಳಿಗೆ ಮತ್ತೆ ನೋಡೋಣ ಎಂದಿದ್ದಾರೆ.

ನಾನು ಗಟ್ಟಿ ಮನಸ್ಸು ಮಾಡಿ, "ಹೆಂಡ್ತೀನ ಕರ್ಕೊಂಡು ಬರ್ಬೋದಾ ಸಾರ್?" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿ, "ಯಾಕೆ, ಅವರಿಗೂ ಕೆಮ್ಮಾ?" ಎಂದರು.

ಬರುತ್ತೀಯಾ?

ನಿನ್ನವನು


ಮೇ ೨೭

ರೀ,

ಬರುತ್ತೇನೆ. ಕೂಡಲೇ ಹೇಳಬಾರದು, ಸ್ವಲ್ಪ ಕಾಯಿಸಬೇಕು ಎಂದುಕೊಂಡಿದ್ದೆ. ಪೆನ್ನು ಕೇಳಲಿಲ್ಲ.

ಮೇಸ್ತ್ರಿಯ ಹೆಂಡತಿಯ ಮಾತು ಓದಿದ ದಿನ ಆವಿಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಸುಕ್ಕಜ್ಜಿ, "ಕೋಟು ಸುಟ್ಟೀತು ಕಣೇ" ಎಂದು ಕಿರುಚಿದಳು. ಸುಟ್ಟಿರಲಿಲ್ಲ. ನಿಮ್ಮ ಊರಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಪರಿಚಯದವರಿದ್ದಾರಂತೆ, ನಿನ್ನ ಕೆಲಸಕ್ಕೆ ಹೇಳಿ ಕಳಿಸುತ್ತೇನೆ ಎಂದಿದ್ದಾಳೆ.

ನನಗೂ ಒಂದು ಹೆದರಿಕೆ ಇದೆ. ಹೊರಡುವ ಮೊದಲೇ ಕೇಳಿಬಿಡುತ್ತೇನೆ. ಡಾಕ್ಟರು ಹೇಳಿದ್ದು ತಲೆಗೆ ಹೋಗಿರುತ್ತದೆ. ಆದರೆ ಮೇಸ್ತ್ರಿ ಹೇಳಿದ್ದು ನಿಮ್ಮ ಎಲುಬಿಗೆ ಇಳಿದಿದೆ. ನಾನು ಬಂದ ಮೇಲೆ ಒಂದು ದಿನ ನಿಮ್ಮ ಗಾಜು ಒಡೆಯುತ್ತದೆ. ಒಡೆದೇ ಒಡೆಯುತ್ತದೆ, ಗಾಜಲ್ಲವೇ. ಆ ದಿನ ಮನೆಗೆ ಬಂದು ನನ್ನ ಮುಖವನ್ನು ಹೇಗೆ ನೋಡುತ್ತೀರಿ? ಮತ್ತೆ ಚಾಪೆ ತೆಗೆಯುತ್ತೀರಾ?

ನಿಜ ಬರೆಯಿರಿ. ಚಂದ ಮಾಡಿ ಬರೆಯಬೇಡಿ. ಕನಸು ಬೇಡ.

ನಿಮ್ಮ
ಮಾತಿನಮಲ್ಲಿ


ಜೂನ್ ೯

ಮಾತಿನಮಲ್ಲಿಗೆ,

ನಿಜ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿಲ್ಲವೆಂದು ಬರೆಯಲು ಕೂತಿದ್ದೆ. ಅಷ್ಟರಲ್ಲಿ ಗಾಜು ಒಡೆಯಿತು.

ಈಗ ನಾನು ಗೋಲ ಊದುತ್ತಿಲ್ಲ. ಅದು ಬೇರೆಯವನಿಗೆ ಹೋಯಿತು. ನಾನು ಶೆಡ್ಡಿಗೆ ಹೋಗುವುದಿಲ್ಲ, ಅಟ್ಟದಲ್ಲೂ ಮಲಗುವುದಿಲ್ಲ ಎಂದು ಹೇಳಿದ ದಿನವೇ ಹೋಯಿತು. "ಮುಗೀತು ಇವನ ಕಥೆ, ಇನ್ನು ಪೀಪಿ ಊದೋಕೂ ಆಗಲ್ಲ" ಎಂದರು. ಲಾಟೀನಿನ ಸಣ್ಣ ಗಾಜಿನ ಚಿಮಣಿಗಳ ಬೆಂಚಿಗೆ ಹಾಕಿದ್ದಾರೆ, ಹಗಲಿನ ಪಾಳಿ. ಗೋಲದ ಕೆಲಸವನ್ನೂ ಈಗ ಹಗಲಿಗೇ ಹಾಕಿದ್ದಾರೆ. ಗೋಲ ಕೈತಪ್ಪಿದ್ದಕ್ಕೆ ಬೇಸರವಿಲ್ಲ ಎಂದರೆ ಸುಳ್ಳು. ಕುಲುಮೆಯ ಆ ಬದಿಯಲ್ಲಿ ಅವನು ಊದುವಾಗ ನನ್ನ ಬಾಯಿಯೂ ಒಳಗೆ ಗಾಳಿ ಹಿಡಿಯುತ್ತದೆ.

ಮೊನ್ನೆ ಒಂದು ಚಿಮಣಿ ಕೈಯಲ್ಲೇ ಬಿರುಕುಬಿಟ್ಟಿತು. ಕೂಡಲೇ ನೆನಪಾದದ್ದು ನೀನೇ, ಮರೆಮಾಚುವುದಿಲ್ಲ. ಬೆಳಿಗ್ಗೆ ಕನಸಿನಲ್ಲಿ ನೀನು ಬಂದಿದ್ದೆ. ಒಂದು ಗಳಿಗೆ ನಾನು ಮತ್ತೆ ಅದೇ ಹಳೆಯವನಾದೆ. ಆಮೇಲೆ ಬಗ್ಗಿ ಚೂರು ಎತ್ತಿಕೊಂಡು ನೋಡಿದೆ. ಬುಡದಲ್ಲಿ ದಪ್ಪ, ಕುತ್ತಿಗೆಯಲ್ಲಿ ತೆಳು. ನಾನು ಕೊಳವೆ ತಿರುಗಿಸುವುದನ್ನು ನಡುವೆ ನಿಲ್ಲಿಸಿದ್ದೆ. ಯಾಕೆಂದರೆ ಆಗ ಗೋಲ ಊದುವವನ ಕಡೆ ನೋಡುತ್ತಿದ್ದೆ. ಅಷ್ಟೇ. ಇನ್ನೊಂದು ಊದಿದೆ, ಅದು ನಿಂತಿತು.

ಹೆದರಿಕೆ ಹೋಗಿದೆ ಎಂದು ಬರೆಯುವುದಿಲ್ಲ. ಬರುತ್ತದೆ. ಬಂದಾಗ ಚಾಪೆಯ ಕಡೆ ನೋಡುವ ಬದಲು ಚೂರಿನ ಕಡೆ ನೋಡುತ್ತೇನೆ. ಇಷ್ಟು ಮಾತ್ರ ನನ್ನ ಕೈಲಾಗುವ ಮಾತು. ಸಾಕಾಗದಿದ್ದರೆ ನೀನು ಬಾಯಿಬಿಟ್ಟು ಬಯ್ಯಬೇಕು, ಸುಮ್ಮನಾಗಬಾರದು.

ಮೇಸ್ತ್ರಿ ಮನೆಯಲ್ಲಿದ್ದಾರೆ, ಬೀದಿಯ ತುದಿಯ ಮನೆಯಲ್ಲಿ. ಕಾರ್ಖಾನೆಗೆ ಹೇಳಿ ಕಳಿಸಿದ್ದಾರೆ, ಇನ್ನು ಮರಳನ್ನು ನೀರು ಚಿಮುಕಿಸಿಯೇ ಜರಡಿ ಹಿಡಿಯಬೇಕು, ಶೆಡ್ಡಿಗೆ ಕಿಟಕಿ ಕೊರೆಯಬೇಕು ಎಂದು. ಯಾಕೆಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ. ಅಟ್ಟದವರು ಅಟ್ಟದಲ್ಲೇ ಮಲಗುತ್ತಾರೆ. ಸಂಜೆ ನಾನು ಆ ಮನೆಯ ಮುಂದೆ ಹಾದು ಬರುವಾಗ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರ ಹೆಂಡತಿ ಹಿಂದೆ ಕೂತು ಬೆನ್ನು ನೀವುತ್ತಿರುತ್ತಾರೆ. ಬೀದಿ ದೀಪ ಹತ್ತುವವರೆಗೂ ಹಾಗೆಯೇ ಕೂತಿರುತ್ತಾರೆ, ಯಾರೋ ಅವರನ್ನು ಈಗಷ್ಟೇ ಅಲ್ಲಿ ತಂದಿಟ್ಟು ಹೋದ ಹಾಗೆ.

ನಾನು ಒಂದು ಕೋಣೆ ಹಿಡಿದಿದ್ದೇನೆ. ಮಹಡಿಯ ಮೇಲೆ, ಬೆಳಗಿನ ಬಿಸಿಲು ನೇರ ಒಳಗೆ ಬರುತ್ತದೆ. ಕಿಟಕಿಯಿಂದ ಯಾರದೋ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ ಕಾಣುತ್ತದೆ, ನಿನಗೆ ಬೇಸರವಾಗದು. ಮೊಟ್ಟೆ ತಿನ್ನುತ್ತಿದ್ದೇನೆ. ನಿದ್ದೆಯೂ ಬರುತ್ತಿದೆ, ನಿನ್ನನ್ನು ಯಾರೂ ತಡೆಯುವುದಿಲ್ಲ, ಬಂದು ಹೋಗುತ್ತಿರುತ್ತೀ.

ಒಂದೇ ತೊಂದರೆ. ಪಕ್ಕದ ಕೋಣೆಯಲ್ಲಿ ಮನೆಯೊಡತಿ ಇರುತ್ತಾರೆ, ಗೋಡೆ ಬಹಳ ತೆಳು. ಕೋಣೆಯ ಜೊತೆ ಕೊಟ್ಟ ಮಂಚ ಅವರ ಅಜ್ಜನ ಕಾಲದ್ದಿರಬೇಕು, ಮಗ್ಗುಲು ಬದಲಿಸಿದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಗುಡುತ್ತದೆ. ಇವತ್ತು ಬೆಳಿಗ್ಗೆ ಅವರು ಹೊರಗೆ ಹೋದದ್ದನ್ನು ನೋಡಿಕೊಂಡು, ಬಾಗಿಲು ಮುಂದೆ ಮಾಡಿ, ಮಂಚದ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟೆ.

ನಿನ್ನವನು